ಒಬ್ಬನೇ ಚಂದ್ರ, ಮೂವರು ನಟರು: ಚಿತ್ರಕಥೆಯಲ್ಲಿ ಪಾತ್ರದ ಹೆಸರು ಬರೆಯುವ ಲೆಕ್ಕ

ಹತ್ತು ವರ್ಷದ ಹುಡುಗ ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಬರುತ್ತಾನೆ. ಬೋರಿ ಬಂದರಿನ ಹತ್ತಿರ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಾನೆ, ರಾತ್ರಿ ಶಾಲೆಗೆ ಹೋಗುತ್ತಾನೆ. ಮೂವತ್ತಕ್ಕೆ ಅಲ್ಲಿನದೇ ಲಾಲ್‌ಬಾಗಿನಲ್ಲಿ ಸ್ವಂತ ಚಾ ಹೋಟೆಲು. ಎಪ್ಪತ್ತೆರಡಕ್ಕೆ ಗಲ್ಲಾದ ಹಿಂದೆ ಕೂತ ಸೇಟು. ಸಿನಿಮಾ ಬರೆಯಲು ಹೊರಟ ಮುಂಬಯಿ ಕನ್ನಡಿಗರ ಹತ್ತಿರ ಈ ಕತೆ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಇರಲಿ, ಒಳ್ಳೆಯ ಕತೆಯೇ.

ತೊಂದರೆ ಶುರುವಾಗುವುದು ಬರೆಯಲು ಕೂತಾಗ. ಹುಡುಗನ ಹೆಸರು ಚಂದ್ರ. ಯುವಕನ ಹೆಸರೂ ಚಂದ್ರ. ಮುದುಕನೂ ಚಂದ್ರನೇ. ಮಾತಿನ ಮೇಲೆ ಯಾವ ಹೆಸರು ಹಾಕುವುದು? ಮೂರಕ್ಕೂ ಬರೀ 'ಚಂದ್ರ' ಎಂದರೆ ಸಾಕಾ? ಅಥವಾ ಚಂದ್ರ, ಚಂದ್ರಣ್ಣ, ಚಂದ್ರಶೇಖರ ಶೆಟ್ರು ಅಂತ ಬೇರೆ ಬೇರೆ ಬರೆಯಬೇಕಾ?

ಕಾದಂಬರಿ ಬರೆಯುವವರಿಗೆ ಈ ತಲೆನೋವಿಲ್ಲ. 'ಆಗ ಅವನಿಗೆ ಹತ್ತು ವರ್ಷ' ಎಂದು ಒಂದು ಸಾಲು ಬರೆದರೆ ಮುಗಿಯಿತು. ಚಿತ್ರಕಥೆ ಹಾಗಲ್ಲ. ಅದನ್ನು ಕತೆಗಾಗಿ ಓದುವವರಿಗಿಂತ ಕೆಲಸಕ್ಕಾಗಿ ಓದುವವರೇ ಜಾಸ್ತಿ. ನಟರನ್ನು ಆರಿಸುವ ಕಾಸ್ಟಿಂಗ್‌ನವರು, ಸಹಾಯಕ ನಿರ್ದೇಶಕರು, ಮೇಕಪ್‌ನವರು, ಬಟ್ಟೆ ನೋಡಿಕೊಳ್ಳುವವರು, ಎಲ್ಲರೂ ಅದರಿಂದ ತಮಗೆ ಬೇಕಾದ ಪಟ್ಟಿ ತೆಗೆಯುತ್ತಾರೆ. ಆ ಪಟ್ಟಿಗೆಲ್ಲ ಬೇರು ಒಂದೇ: ಸಂಭಾಷಣೆಯ ಮೇಲೆ, ಪುಟದ ನಡುವಿನಲ್ಲಿ ಕೂರುವ ಪಾತ್ರದ ಹೆಸರು.

ಹಾಗಾಗಿ ನನ್ನ ಲೆಕ್ಕ ಸರಳ. ಸೆಟ್ಟಿಗೆ ಎಷ್ಟು ಜನ ಬರಬೇಕು ಎಂದು ಎಣಿಸಿ. ಬೇರೆ ನಟ ಬೇಕಾದರೆ ಬೇರೆ ಹೆಸರು. ಅದೇ ನಟ ಸಾಕಾದರೆ ಅದೇ ಹೆಸರು. ವಯಸ್ಸು, ಮನಸ್ಸು, ಕಾಲ, ಕನಸು ಎಲ್ಲ ಆಮೇಲೆ.

ಇದೇಕೆ ಎಂದು ನೋಡೋಣ. ಚಿತ್ರಕಥೆ ಕೈಗೆ ಬಂದ ಮೇಲೆ ಸಹಾಯಕ ನಿರ್ದೇಶಕ ಮೊದಲು ಮಾಡುವುದು ಬ್ರೇಕ್‌ಡೌನ್. ಪ್ರತಿ ದೃಶ್ಯಕ್ಕೆ ಯಾರು ಬೇಕು, ಏನು ಬೇಕು, ಎಲ್ಲಿ, ಯಾವ ಹೊತ್ತು ಎಂದು ಬಿಡಿಸಿ ಬರೆಯುವುದು. ಪ್ರತಿ ಪಾತ್ರಕ್ಕೆ ಒಂದು ನಂಬರು ಬೀಳುತ್ತದೆ. ಮುಂದೆ ಶೆಡ್ಯೂಲು, ಯಾರು ಯಾವಾಗ ಬರಬೇಕು ಎಂದು ಹೇಳುವ ಕಾಲ್ ಶೀಟು ಎಲ್ಲ ಆ ನಂಬರಿನ ಮೇಲೆಯೇ ನಡೆಯುತ್ತದೆ. ಚಿತ್ರಕಥೆ ಬರೆಯುವ ಫೈನಲ್ ಡ್ರಾಫ್ಟ್‌ನಂಥ ಸಾಫ್ಟ್‌ವೇರ್ ಬಳಸಿದರೆ ಪಾತ್ರಗಳ ಪಟ್ಟಿ ತಾನಾಗಿಯೇ ಬರುತ್ತದೆ. ಆದರೆ ಅದಕ್ಕೆ ನಿಮ್ಮ ಕತೆ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಮೂವರೂ 'ಚಂದ್ರ' ಆದರೆ ಅದರ ಕಣ್ಣಿಗೆ ಒಬ್ಬನೇ. ಇಪ್ಪತ್ತು ದೃಶ್ಯ ಹುಡುಗನವು, ಮೂವತ್ತು ಯುವಕನವು, ಹತ್ತು ಮುದುಕನವು ಇದ್ದರೆ ಪಟ್ಟಿಯಲ್ಲಿ 'ಚಂದ್ರ, ಅರವತ್ತು ದೃಶ್ಯ' ಎಂದು ಬರುತ್ತದೆ. ಯಾರನ್ನು ಎಷ್ಟು ದಿನ ಕರೆಯಬೇಕು ಎಂದು ಅದರಿಂದ ಹೇಳಲಾಗದು.

ಪಾತ್ರ ಮಗುವಾಗಿದ್ದರಂತೂ ಇದು ಬರೀ ಅನುಕೂಲದ ಮಾತಲ್ಲ, ಕಾನೂನಿನ ಮಾತು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಮತ್ತು 2017ರ ನಿಯಮಗಳ ಪ್ರಕಾರ ಬಾಲನಟರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಡುವು ಕೊಡದೆ ಸತತ 3 ಗಂಟೆ ದಾಟುವಂತಿಲ್ಲ. ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ಸಂಪಾದನೆಯ ಶೇಕಡಾ 20ರಷ್ಟಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. (ನಮ್ಮ ಕತೆಯ ಹುಡುಗ ಬೆಳಗಿನ ಜಾವದಿಂದ ನಡುರಾತ್ರಿ ತನಕ ದುಡಿದವನು. ಅವನ ಪಾತ್ರ ಮಾಡುವ ಹುಡುಗ ಅಷ್ಟು ದುಡಿಯುವಂತಿಲ್ಲ. ಒಳ್ಳೆಯದೇ ಆಯಿತು ಬಿಡಿ.) ಹೋಟೆಲಿನ ದೃಶ್ಯಗಳಲ್ಲಿ ಎಷ್ಟರಲ್ಲಿ ಮಗು ಇದೆ ಎನ್ನುವುದು ಮೊದಲೇ ಸರಿಯಾಗಿ ಗೊತ್ತಾಗದಿದ್ದರೆ ಶೂಟಿಂಗಿನ ದಿನಗಳ ಲೆಕ್ಕವೇ ತಪ್ಪುತ್ತದೆ.

ಯಾವ ಹೆಸರು ಇಡಬೇಕು?

ಮಾಮೂಲಿ ಹೆಸರೇ ಒಳ್ಳೆಯದು. 'ಚಿಕ್ಕ ಚಂದ್ರ', 'ಚಂದ್ರ', 'ಮುದಿ ಚಂದ್ರ'. ಇದರಲ್ಲಿ ಕಾವ್ಯ ಇಲ್ಲ, ನಿಜ. ಬೇಕಾಗಿಯೂ ಇಲ್ಲ.

ವಿಶೇಷಣ ಇಲ್ಲದ ಬರೀ 'ಚಂದ್ರ' ಯಾರಿಗೆ? ಅತಿ ಹೆಚ್ಚು ಹೊತ್ತು ತೆರೆಯ ಮೇಲಿರುವವನಿಗೆ. ನಮ್ಮ ಕತೆಯಲ್ಲಿ ಮೂವತ್ತರವನಿಗೆ. ಮೂವರಿಗೂ ಸಮಸಮ ಪಾಲಿದ್ದರೆ ಮೂವರಿಗೂ ವಿಶೇಷಣ ಹಾಕಿ, ಬರೀ ಹೆಸರನ್ನು ಯಾರಿಗೂ ಕೊಡಬೇಡಿ.

ವಿಶೇಷಣ ಹೆಸರಿಗಿಂತ ಮೊದಲು ಬರಲಿ. ಪುಟದ ಮೇಲೆ ಕಣ್ಣಾಡಿಸುವವನಿಗೆ ಮೊದಲ ಅಕ್ಷರದಲ್ಲೇ ವ್ಯತ್ಯಾಸ ಕಾಣಬೇಕು. ಈ ಕಾರಣಕ್ಕೇ ಚಂದ್ರ, ಚಂದ್ರಣ್ಣ, ಚಂದ್ರಶೇಖರ ಎಂಬ ಮೂರು ಹೆಸರಿನ ಉಪಾಯ ನನಗೆ ಇಷ್ಟವಿಲ್ಲ. ನೋಡಲು ಚೆಂದ, ನಮ್ಮ ಭಾಷೆಗೆ ಸಹಜವೂ ಹೌದು. ಆದರೆ ನಲವತ್ತನೇ ಪುಟ ಓದುವ ಹೊತ್ತಿಗೆ ಚಂದ್ರಣ್ಣ ಯುವಕನೋ ಮುದುಕನೋ ಎಂದು ಹಿಂದಿನ ಪುಟ ತಿರುವಬೇಕಾಗುತ್ತದೆ. ಅದೂ ಅಲ್ಲದೆ ಮೂವತ್ತರವನನ್ನೂ ಹೋಟೆಲಿನ ಹುಡುಗರು ಚಂದ್ರಣ್ಣ ಎಂದೇ ಕರೆಯುತ್ತಾರೆ, ಅಲ್ವಾ? 'ಚಂದ್ರ 1, ಚಂದ್ರ 2' ಇನ್ನೂ ಕೆಟ್ಟದ್ದು, ಬ್ರೇಕ್‌ಡೌನಿನ ನಂಬರಿನ ಜೊತೆ ಕಲಸಿಹೋಗುತ್ತದೆ. ವಯಸ್ಸನ್ನೇ ಹೆಸರು ಮಾಡುವುದೂ ಬೇಡ. ಎರಡನೇ ಡ್ರಾಫ್ಟಿನಲ್ಲಿ ಹತ್ತು ಹೋಗಿ ಹನ್ನೆರಡಾಗುತ್ತದೆ, ಎಲ್ಲೋ ಒಂದು ಪುಟದಲ್ಲಿ ಹತ್ತು ಹಾಗೇ ಉಳಿಯುತ್ತದೆ.

ವಯಸ್ಸನ್ನು ಆವರಣದಲ್ಲಿ ಹಾಕಿದರೆ? ಪಾತ್ರ ಮೊದಲ ಸಲ ಬರುವಾಗ ವಿವರಣೆಯ ಸಾಲಿನಲ್ಲಿ ಹಾಕಲೇಬೇಕು, ಒಂದು ಸಲ. ಆದರೆ ಸಂಭಾಷಣೆಯ ಮೇಲಿನ ಹೆಸರಿನ ಪಕ್ಕದ ಆವರಣ ಬೇರೆ ಕೆಲಸಕ್ಕೆ ಇರುವ ಜಾಗ. ವಾಯ್ಸ್ ಓವರ್ (ದೃಶ್ಯದ ಮೇಲೆ ಕತೆ ಹೇಳುವ ದನಿ), ಆಫ್ ಸ್ಕ್ರೀನ್ (ತೆರೆಯ ಆಚೆಯಿಂದ ಬರುವ ಮಾತು) ಎಂದು ಬರೆಯುವುದು ಅಲ್ಲಿ. ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಆ ಆವರಣದೊಳಗಿನದನ್ನು ಹೆಸರಿನ ಭಾಗ ಎಂದು ಎಣಿಸುವುದಿಲ್ಲ. 'ಚಂದ್ರ (10)' ಎಂದು ನೀವು ಬರೆದರೂ ಪಟ್ಟಿಯಲ್ಲಿ ಅವನು ಮತ್ತೆ ಬರೀ ಚಂದ್ರ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಸಣ್ಣ ತೊಡಕಿದೆ. ಇಂಗ್ಲಿಷ್ ಚಿತ್ರಕಥೆಯಲ್ಲಿ ಪಾತ್ರದ ಹೆಸರು ದೊಡ್ಡಕ್ಷರದಲ್ಲಿ ಇರುತ್ತದೆ, ಥಟ್ಟನೆ ಕಾಣುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ದಪ್ಪಕ್ಷರವನ್ನೋ ಅಡಿಗೆರೆಯನ್ನೋ ಬಳಸಬೇಕು. ಫೌಂಟನ್ ಎಂಬ ಸರಳ ಬರವಣಿಗೆಯ ಕ್ರಮದಲ್ಲಿ ದೊಡ್ಡಕ್ಷರದ ಸಾಲನ್ನೇ ಪಾತ್ರದ ಹೆಸರು ಎಂದು ಗುರುತಿಸುತ್ತಾರೆ. ನಮ್ಮಂಥ ಲಿಪಿಯವರು ಹೆಸರು ಶುರುವಾಗುವ ಮೊದಲು @ ಚಿಹ್ನೆ ಹಾಕಿದರೆ ಆಯಿತು. ಮುಂಬಯಿಯ ಅಂಧೇರಿ, ವರ್ಸೋವಾ ಕಡೆ ಸಿನಿಮಾ ಕೆಲಸ ಮಾಡುವವರು ಹೇಗೂ ಹಿಂದಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಅಭ್ಯಾಸವಾದವರು, ಕನ್ನಡವನ್ನೂ ಹಾಗೇ ಬರೆದುಬಿಡುತ್ತಾರೆ. ಅದು ಅವರವರ ಇಷ್ಟ.

ಪುಟದ ಮೇಲೆ ಇದು ಹೇಗೆ ಕಾಣುತ್ತದೆ ಎಂದು ಒಂದು ತುಣುಕು:

ಒಳಗೆ. ಹೋಟೆಲಿನ ಮೋರಿ, ಬೋರಿ ಬಂದರ್ – ರಾತ್ರಿ – 1962

ಎಂಜಲು ಬಸಿಗಳ ರಾಶಿ. ಚಿಕ್ಕ ಚಂದ್ರ (10), ಮೊಣಕಾಲಿನ ತನಕ ಒದ್ದೆ, ತೊಳೆದ ಬಸಿಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟುತ್ತಾನೆ. ಇನ್ನೊಂದನ್ನು ತಟ್ಟುತ್ತಾನೆ. ಸದ್ದು ಬೇರೆ. ಅದನ್ನು ಪಕ್ಕಕ್ಕಿಡುತ್ತಾನೆ. ಹೊರಗೆ ಟ್ರಾಮಿನ ಗಂಟೆ.

ಭಟ್ಟರು
ಎಂತದಾ ಮಾಣಿ, ಸಂಗೀತ ಕಲೀತಾ ಇದ್ದೀಯಾ?

ಚಿಕ್ಕ ಚಂದ್ರ
ಒಡ್ದಿತ್ತಾ ಅಂದೇಳಿ ಕಾಂತಿದ್ದೆ, ಭಟ್ರೇ.

(ಒಡೆದಿದೆಯಾ ಎಂದು ನೋಡುತ್ತಿದ್ದೆ ಎನ್ನುತ್ತಾನೆ ಹುಡುಗ, ಕುಂದಾಪುರ ಕನ್ನಡದಲ್ಲಿ.) ಭಟ್ಟರು ಅವನನ್ನು 'ಮಾಣಿ' ಎಂದು ಕರೆದರೂ ಮೇಲಿನ ಹೆಸರು ಬದಲಾಗಲಿಲ್ಲ, ಗಮನಿಸಿ. ಕತೆಯೊಳಗಿನವರು ಅವನನ್ನು ಏನು ಬೇಕಾದರೂ ಕರೆಯಲಿ, ಪುಟದ ನಡುವಿನ ಹೆಸರು ಕೆಲಸದವರಿಗೆ ಇರುವುದು.

ಈ ಮಾತಿಗೆ ಅಪವಾದ ಇಲ್ಲದಿಲ್ಲ. 2016ರ 'ಮೂನ್‌ಲೈಟ್' ಸಿನಿಮಾದಲ್ಲಿ ಒಂದೇ ಪಾತ್ರಕ್ಕೆ ಮೂರು ವಯಸ್ಸು, ಮೂವರು ನಟರು, ಮೂರು ಹೆಸರು: ಲಿಟಲ್, ಶೈರೋನ್, ಬ್ಲಾಕ್. ಸಿನಿಮಾದ ಮೂರು ಭಾಗಗಳಿಗೂ ಅವೇ ಹೆಸರು. ಅಲ್ಲಿ ಅದು ಸರಿ, ಯಾಕೆಂದರೆ ಯಾರು ಅವನನ್ನು ಏನೆಂದು ಕರೆದರು ಎನ್ನುವುದೇ ಕತೆ. ನಿಮ್ಮದೂ ಅಂಥ ಕತೆಯಾದರೆ ಧಾರಾಳವಾಗಿ ಮಾಡಿ.

ಹೆಸರು ಬದಲಿಸಬೇಕಾಗಿಲ್ಲದ ಕಡೆ

ಅದೇ ನಟನಿಗೆ ಮೂವತ್ತಕ್ಕೂ ನಲವತ್ತೈದಕ್ಕೂ ಮೇಕಪ್ ಹಾಕಿ ಮಾಡಿಸುವುದಾದರೆ 'ಚಂದ್ರ' ಚಂದ್ರನೇ. ದೃಶ್ಯದ ತಲೆಸಾಲಿನಲ್ಲಿ ಇಸವಿ ಬರೆಯಿರಿ, ವಿವರಣೆಯಲ್ಲಿ ನರೆತ ಮೀಸೆ ಎಂದು ಬರೆಯಿರಿ, ಸಾಕು. ಗಾಯದ ಗುರುತೂ ಹಾಗೇ. ಚಾ ಬಾಯ್ಲರಿನ ಹಬೆ ತಾಗಿ ಹುಡುಗನ ಎಡಗೈ ಸುಟ್ಟಿದೆ ಎಂದುಕೊಳ್ಳಿ. ಸುಡುವ ಮೊದಲಿನ ಚಿಕ್ಕ ಚಂದ್ರ, ಸುಟ್ಟ ಮೇಲಿನ ಚಿಕ್ಕ ಚಂದ್ರ ಮೇಕಪ್‌ನವರಿಗೆ ಇಬ್ಬರು, ನಿಮಗೆ ಒಬ್ಬನೇ. ಸುಟ್ಟದ್ದು ಯಾವ ದೃಶ್ಯದಲ್ಲಿ, ಯಾವ ಕೈ ಎಂದು ಒಂದೇ ಕಡೆ ಖಚಿತವಾಗಿ ಬರೆಯಿರಿ. ಶೂಟಿಂಗ್ ಕತೆಯ ಕ್ರಮದಲ್ಲಿ ನಡೆಯುವುದಿಲ್ಲ. ಕೊನೆಯ ದೃಶ್ಯ ಮೊದಲ ದಿನವೇ ಆಗಬಹುದು. ಕಂಟಿನ್ಯೂಟಿ, ಎಂದರೆ ದೃಶ್ಯದಿಂದ ದೃಶ್ಯಕ್ಕೆ ಹೊಂದಿಕೆ, ನೋಡುವವರಿಗೆ ನೀವು ಬರೆದದ್ದೇ ಆಧಾರ. ಅದೇ ಗುರುತು ಮುದಿ ಚಂದ್ರನ ಎಡಗೈಯಲ್ಲೂ ಇರಬೇಕು ಎನ್ನುವುದನ್ನು ಮರೆಯುವವರು ಜಾಸ್ತಿ.

ಒಬ್ಬರ ಬಾಯಲ್ಲಿ ಒಂದು ರೀತಿ, ಇನ್ನೊಬ್ಬರ ಬಾಯಲ್ಲಿ ಇನ್ನೊಂದು ರೀತಿ ಬರುವ ಚಂದ್ರನೂ ಇದೇ ಲೆಕ್ಕಕ್ಕೆ ಸೇರುತ್ತಾನೆ. ಹೆಂಡತಿಯ ನೆನಪಿನಲ್ಲಿ ಅವನು ಜುಗ್ಗ, ಪಾಲುದಾರನ ನೆನಪಿನಲ್ಲಿ ಕೊಡುಗೈ ದೊರೆ. ನಟ ಒಬ್ಬನೇ. 'ಹೆಂಡತಿಯ ಚಂದ್ರ' ಎಂದೆಲ್ಲ ಹೆಸರಿಗೆ ಬಾಲ ಕಟ್ಟಬೇಡಿ, ತಲೆಸಾಲಿನಲ್ಲಿ 'ಹೆಂಡತಿ ಹೇಳಿದಂತೆ' ಎಂದು ಹಾಕಿ.

ಕನಸಿನ ವಿಷಯ ಸ್ವಲ್ಪ ಬೇರೆ. ಪವನ್ ಕುಮಾರ್ ಅವರ 2013ರ 'ಲೂಸಿಯಾ' ನೋಡಿದವರಿಗೆ ನೆನಪಿರುತ್ತದೆ. ಥಿಯೇಟರಿನಲ್ಲಿ ಟಾರ್ಚು ಹಿಡಿಯುವ ನಿಕ್ಕಿ, ಸಿನಿಮಾ ಸ್ಟಾರ್ ನಿಖಿಲ್. ಇಬ್ಬರನ್ನೂ ಮಾಡಿದ್ದು ಒಬ್ಬರೇ ನಟ, ಹೆಸರು ಮಾತ್ರ ಎರಡು. ಒಂದು ಲೋಕಕ್ಕೆ ಬಣ್ಣ ಇದೆ, ಇನ್ನೊಂದು ಕಪ್ಪು ಬಿಳುಪು. ಎರಡು ಬದುಕು ಉದ್ದಕ್ಕೂ ಅಕ್ಕಪಕ್ಕ ಓಡುವಾಗ ಎರಡು ಹೆಸರು ಓದುವವನನ್ನು ಕಾಪಾಡುತ್ತದೆ. ಒಂದೇ ಒಂದು ಕನಸಿನ ದೃಶ್ಯಕ್ಕೆ ಅಷ್ಟೆಲ್ಲ ಬೇಡ.

ಡಬಲ್ ರೋಲ್ ಇದಕ್ಕೆ ಪೂರ್ತಿ ತಿರುವುಮುರುವು. ಅಲ್ಲಿ ಪಾತ್ರ ಎರಡು, ನಟ ಒಬ್ಬ. ಹೆಸರಿನ ಗೊಂದಲವೇ ಇಲ್ಲ, ಅದನ್ನು ಇಲ್ಲಿಗೆ ಎಳೆಯುವುದೂ ಬೇಡ.

ನಿಜವಾಗಿ ಕಷ್ಟ ಕೊಡುವವು ಮೂರು ಸಂದರ್ಭ. ಒಂದು, ಒಬ್ಬನೇ ಮನುಷ್ಯನ ಎರಡು ರೂಪ ಎದುರುಬದುರಾಗುವುದು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮುದುಕ ಮೋರಿಯ ಹತ್ತಿರ ಹೋದರೆ ಅಲ್ಲಿ ಆ ಹುಡುಗ ಕೂತಿದ್ದಾನೆ. ಇಲ್ಲಿ ಸರ್ವನಾಮವೇ ಶತ್ರು. 'ಅವನು ಅವನನ್ನು ನೋಡುತ್ತಾನೆ. ಅವನು ನಗುತ್ತಾನೆ' ಎಂದು ಬರೆದರೆ ಯಾರು ನಕ್ಕರು? ಇಂಥ ದೃಶ್ಯದಲ್ಲಿ 'ಹುಡುಗ', 'ಮುದುಕ' ಎಂದೂ ಬದಲಿಸಬೇಡಿ. ಬೇಜಾರಾದರೂ ಪ್ರತಿ ಸಲ ಪೂರ್ತಿ ಹೆಸರು ಬರೆಯಿರಿ. ಎದುರುಬದುರಾಗುವವರು ಮೂವತ್ತರ ಮತ್ತು ನಲವತ್ತೈದರ ಚಂದ್ರರಾದರೆ, ಎಂದರೆ ಒಬ್ಬನೇ ನಟನಾದರೆ, ಆ ದೃಶ್ಯಕ್ಕೆ ಮಾತ್ರ ಎರಡು ಹೆಸರು ಬೇಕು. ಅಲ್ಲಿ ಬಾಡಿ ಡಬಲ್ (ನಟನ ಬದಲಿಗೆ ನಿಲ್ಲುವ ಇನ್ನೊಬ್ಬ) ಬೇಕು, ಒಂದೇ ಶಾಟನ್ನು ಎರಡು ಸಲ ತೆಗೆದು ಜೋಡಿಸಬೇಕು. ದುಡ್ಡು ಮತ್ತು ಹೊತ್ತು ಎರಡೂ ಹೆಚ್ಚಾಗುತ್ತದೆ ಎನ್ನುವುದು ಆ ಎರಡು ಹೆಸರು ನೋಡಿದಾಗಲೇ ನಿರ್ಮಾಪಕರಿಗೆ ತಿಳಿಯಬೇಕು.

ಎರಡನೆಯದು ದನಿ. ಹುಡುಗ ಟ್ರಾಮಿನ ಹಿಂದೆ ಓಡುತ್ತಿದ್ದಾನೆ, ಮೇಲಿನಿಂದ ಒಂದು ದನಿ ಕತೆ ಹೇಳುತ್ತಿದೆ. 'ಚಂದ್ರ (ವಾಯ್ಸ್ ಓವರ್)' ಎಂದು ಬರೆದರೆ ಯಾವ ಚಂದ್ರ? ನಿಮ್ಮ ಕಿವಿಯಲ್ಲಿ ಮುದುಕನ ದನಿ ಇದೆ, ಓದುವವನ ಕಿವಿಯಲ್ಲಿ ಹುಡುಗನದು. ಡಬ್ಬಿಂಗ್ ಸ್ಟುಡಿಯೋ ಬುಕ್ ಮಾಡುವವನಿಗೆ ಎರಡೂ ಇಲ್ಲ, ಅವನು ಪಟ್ಟಿ ನೋಡಿ ಮೂವತ್ತರವನಿಗೆ ಫೋನು ಮಾಡುತ್ತಾನೆ. 'ಮುದಿ ಚಂದ್ರ (ವಾಯ್ಸ್ ಓವರ್)' ಎಂದು ಬರೆದರೆ ಮುಗಿಯಿತು. ಮುಖ ಕಾಣದಿದ್ದರೂ ಅದು ಒಬ್ಬ ನಟನ ಕೆಲಸವೇ.

ಮೂರನೆಯದು ಗುಟ್ಟು. ಗಲ್ಲಾದ ಸೇಟು ಒಂದು ಎಳೆಯಲ್ಲಿ, 1962ರ ಹುಡುಗ ಇನ್ನೊಂದು ಎಳೆಯಲ್ಲಿ ಬರುತ್ತಾರೆ. ಇಬ್ಬರೂ ಒಬ್ಬನೇ ಎನ್ನುವುದು ಕೊನೆಗೆ ಗೊತ್ತಾಗಬೇಕು. ಆಗ ಮೊದಲ ಪುಟದಲ್ಲೇ 'ಚಿಕ್ಕ ಚಂದ್ರ' ಎಂದು ಬರೆದರೆ ನೀವೇ ನಿಮ್ಮ ಕತೆಯ ಗುಟ್ಟು ಬಿಟ್ಟುಕೊಟ್ಟ ಹಾಗೆ. ನೋಡುವವನಿಗೆ ಗೊತ್ತಾಗುವ ತನಕ ಹುಡುಗ 'ಮಾಣಿ'. ಗೊತ್ತಾದ ಕ್ಷಣ ವಿವರಣೆಯಲ್ಲಿ ಒಂದೇ ಸಾಲು: 'ಆ ಮಾಣಿಯೇ ಇವನು.' ಆಮೇಲೆ ಹೆಸರು ಬದಲಿಸುವವರೂ ಇದ್ದಾರೆ, ಕೊನೆಯ ತನಕ 'ಮಾಣಿ' ಎಂದೇ ಇಡುವವರೂ ಇದ್ದಾರೆ. ನಾನು ಎರಡನೆಯ ಪಕ್ಷ. ನಂಬರು ಬದಲಾಗುವುದಿಲ್ಲ, ಪಟ್ಟಿ ಕೆಡುವುದಿಲ್ಲ.

ನೋಡುವವನಿಗೆ ಪುಟ ಕಾಣುವುದಿಲ್ಲ

ಇಷ್ಟೆಲ್ಲ ಮಾಡಿದರೂ ಅದು ಓದುವವರಿಗೆ ಆಯಿತು. ಥಿಯೇಟರಿನಲ್ಲಿ ಕೂತವನಿಗೆ 'ಚಿಕ್ಕ ಚಂದ್ರ' ಎಂಬ ಹೆಸರೂ ಕಾಣುವುದಿಲ್ಲ, ತಲೆಸಾಲಿನ 1962 ಕೂಡ ಕಾಣುವುದಿಲ್ಲ. ಹೊಸಬರ ಚಿತ್ರಕಥೆ ಹೆಚ್ಚಾಗಿ ಸೋಲುವುದು ಇಲ್ಲೇ.

ಯಕ್ಷಗಾನ ನೋಡಿ ಬೆಳೆದವರಿಗೆ ಇದರ ಉತ್ತರ ಗೊತ್ತು. ಕೃಷ್ಣಲೀಲೆಯಲ್ಲಿ ಬೆಣ್ಣೆ ಕದಿಯುವ ಕೃಷ್ಣ ಒಬ್ಬ ಕಲಾವಿದ, ಕಂಸನನ್ನು ಕೊಲ್ಲುವ ಹೊತ್ತಿಗೆ ಬೇರೆಯವರು. ಯಾರೂ ಎದ್ದು ನಿಂತು ಇವನ್ಯಾರು ಎಂದು ಕೇಳುವುದಿಲ್ಲ. ನವಿಲುಗರಿ ಅದೇ, ಭಾಗವತರ ಪದವೂ ದಾರಿ ತೋರಿಸುತ್ತದೆ. ಕಣ್ಣಿಗೊಂದು, ಕಿವಿಗೊಂದು.

ನಮ್ಮ ಚಂದ್ರನಿಗೆ ಕಣ್ಣಿಗೆ ಏನು? ಕಾಲಕ್ಕೆ ಮುಂಬಯಿಯೇ ಸಾಕು. ಇಲ್ಲಿನ ಕೊನೆಯ ಟ್ರಾಮು 1964ರ ಮಾರ್ಚ್ 31ರಂದು ಬೋರಿ ಬಂದರಿನಿಂದ ದಾದರಿಗೆ ಓಡಿತು. ಆದ್ದರಿಂದ ಟ್ರಾಮಿನ ಗಂಟೆ ಕೇಳಿದರೆ ಅದು ಅದಕ್ಕಿಂತ ಮೊದಲಿನ ಕತೆ. 1982ರ ಚಂದ್ರನಿಗೆ ಬಟ್ಟೆ ಗಿರಣಿಗಳಿವೆ. ಆ ವರ್ಷದ ಜನವರಿ 18ಕ್ಕೆ ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಲಾಲ್‌ಬಾಗಿನ ಚಾ ಹೋಟೆಲಿನಲ್ಲಿ ಉದ್ರಿ ಪುಸ್ತಕ ದಪ್ಪವಾಗುತ್ತಾ ಹೋಗುವುದನ್ನು ತೋರಿಸಿದರೆ ಇಸವಿ ಬರೆಯುವುದೇ ಬೇಡ. 2024ರವನ ಪಕ್ಕದಲ್ಲಿ ಹಣ ಬಂತೆಂದು ಕೂಗುವ ಸೌಂಡ್ ಬಾಕ್ಸ್ ಇದೆ.

ಇದು ಕಾಲ ಹೇಳಿತು. ಮೂವರೂ ಒಬ್ಬನೇ ಎಂದು ಹೇಳುವುದು ಯಾವುದು? ಅದಕ್ಕೇ ಆ ಬಸಿ. ಮೂವತ್ತರ ಚಂದ್ರ ಸಪ್ಲೈಯರನಿಗೆ ಬೈಯುತ್ತಲೇ ಕೈಗೆ ಸಿಕ್ಕಿದ ಬಸಿಯನ್ನು ಕಿವಿಯ ಹತ್ತಿರ ತಟ್ಟಲಿ. ಮುದಿ ಚಂದ್ರ, ಈಗ ಸ್ಟೀಲ್ ಲೋಟದ ಕಾಲ, ಎದುರಿಗೆ ಬಂದ ಲೋಟವನ್ನೂ ಸುಮ್ನೆ ಅಭ್ಯಾಸಕ್ಕೆ ತಟ್ಟಲಿ. ಮುಖ ಹೋಲದಿದ್ದರೂ ನೋಡುವವನು ಒಪ್ಪಿಕೊಳ್ಳುತ್ತಾನೆ. ಆದರೆ ಅದನ್ನು ಚಿತ್ರಕಥೆಯಲ್ಲೇ ಬರೆದಿರಬೇಕು. 'ಮೂನ್‌ಲೈಟ್' ನಿರ್ದೇಶಕರು ಮೂವರು ನಟರನ್ನು ಶೂಟಿಂಗ್ ಮುಗಿಯುವ ತನಕ ಒಬ್ಬರನ್ನೊಬ್ಬರು ಭೇಟಿಯಾಗಲು ಬಿಡಲಿಲ್ಲ. ಅಂಥ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಇನ್ನು ಕಿವಿ. ನನ್ನ ಮಟ್ಟಿಗೆ ಇದೇ ದೊಡ್ಡದು. 2008ರ 'ಸ್ಲಂಡಾಗ್ ಮಿಲಿಯನೇರ್' ಮುಂಬಯಿಯದೇ ಕತೆ. ಮೂರು ಪಾತ್ರಗಳಿಗೆ ಮೂರು ಮೂರು ವಯಸ್ಸು, ಒಟ್ಟು ಒಂಬತ್ತು ನಟರು. ತೀರ ಚಿಕ್ಕವರಿದ್ದಾಗ ಅವರ ಮಾತು ಹಿಂದಿ, ದೊಡ್ಡವರಾದ ಮೇಲೆ ಹೆಚ್ಚಾಗಿ ಇಂಗ್ಲಿಷ್. ಭಾಷೆಯೇ ವಯಸ್ಸನ್ನು ಹೇಳಿತು. ಮುಂಬಯಿ ಕನ್ನಡಿಗನ ಬಾಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಬದಲಾವಣೆ ಆಗುತ್ತದೆ. ಊರಿಗೆ ಹೋಗುವ ಒಂದೇ ವಿಷಯವನ್ನು ಮೂವರ ಬಾಯಲ್ಲೂ ಹಾಕಿ ನೋಡಿ.

ಚಿಕ್ಕ ಚಂದ್ರ
ನಂಗ್ ಊರಿಗ್ ಹೋಯ್ಕ್.

ಚಂದ್ರ
ಊರಿಗಾ? ಧಂದಾ ಬಿಟ್ಟು ಎಲ್ಲಿ ಹೋಗೂದು ಯಾರ್. ಗಣಪತಿ ಆಗ್ಲಿ, ಆಮೇಲೆ ನೋಡುವಾ.

ಮುದಿ ಚಂದ್ರ
ಊರಿಗೆ ಹೋಗಿ ಎಂತ ಮಾಡೂದು? ಅಲ್ಲಿ ನನ್ನ ಗುರ್ತ ಇರುವವರು ಯಾರೂ ಇಲ್ಲ.

ಮೇಲಿನ ಹೆಸರುಗಳನ್ನು ಕೈಯಿಂದ ಮುಚ್ಚಿ ಓದಿ. ಯಾರು ಯಾರೆಂದು ಗೊತ್ತಾಗುತ್ತದೆ. ಹುಡುಗನಿಗೆ ಬೇಕಾದದ್ದು ಮನೆ, ಮೂವತ್ತರವನಿಗೆ ಧಂದೆ, ಮುದುಕನಿಗೆ ಗುರುತು ಹಿಡಿಯುವ ಒಬ್ಬ ಮನುಷ್ಯ. ಮೂವರೂ ಒಂದೇ ಥರ ಮಾತಾಡಿದರೆ ಹೆಸರಿನ ಮುಂದೆ ಎಷ್ಟು ವಿಶೇಷಣ ಹಚ್ಚಿದರೂ ವಯಸ್ಸು ಅಂಟುವುದಿಲ್ಲ. ಕಾಸ್ಟಿಂಗಿಗೂ ಇದೇ ದಾರಿ. ವರ್ಸೋವಾದ ಆಡಿಷನ್‌ಗೆ 'ಹತ್ತು ವರ್ಷದ ಹುಡುಗ ಬೇಕು' ಎಂದರೆ ನೂರು ಜನ ಬರುತ್ತಾರೆ. 'ಕುಂದಾಪುರ ಕನ್ನಡ ಬರಬೇಕು' ಎಂದರೆ ಯಕ್ಷಗಾನ ಕಲಿಸುವವರನ್ನೂ ಕನ್ನಡ ಸಂಘದವರನ್ನೂ ಕೇಳಬೇಕಾಗುತ್ತದೆ. ಅದಕ್ಕೆ ಹೊತ್ತು ಹಿಡಿಯುತ್ತದೆ.

ಚಿತ್ರಕಥೆ ಶೂಟಿಂಗಿಗೆ ಹೋಗುವಾಗ ಮೊದಲ ಪುಟಕ್ಕಿಂತ ಮುಂಚೆ ಅರ್ಧ ಪುಟದ ಒಂದು ಪಟ್ಟಿ ಇಟ್ಟರೆ ಅನುಕೂಲ. ಚಿಕ್ಕ ಚಂದ್ರ, 10, 1962, ಬೇರೆ ನಟ. ಚಂದ್ರ, 30ರಿಂದ 45, ಒಬ್ಬನೇ ನಟ, ಇಂಥ ದೃಶ್ಯದಿಂದ ಮೀಸೆ ನರೆತದ್ದು. ಮುದಿ ಚಂದ್ರ, 72, ವಾಯ್ಸ್ ಓವರ್ ಎಲ್ಲ ಇವನದೇ. ಸುಟ್ಟ ಗುರುತು ಎಡಗೈ. ಗುಟ್ಟಿನ ಕತೆಯಾದರೆ ಮಾಣಿ ಯಾರು ಎನ್ನುವುದೂ ಇಲ್ಲೇ ಇರಲಿ. ಅದೇ ಚಿತ್ರಕಥೆಯನ್ನು ನಿರ್ಮಾಪಕರಿಗೋ ಸ್ಪರ್ಧೆಗೋ ಮೊದಲ ಓದಿಗೆ ಕಳಿಸುವಾಗ ಮಾತ್ರ ಈ ಅರ್ಧ ಪುಟ ತೆಗೆದುಬಿಡಿ.